ಸಾಹಚರ್ಯವೂ ಸಾಕ್ಷ್ಯವೂ

ನಮ್ಮ ಬಾಗಲಕೋಟೆಯ ಸೀಮೆಗೆ ಕಡಲಿಲ್ಲ. ಆದರೂ ಕಡಲಾಚೆಯ ವ್ಯಾಪಾರವು ನಮಗೆ ಹೊಸದಲ್ಲ. ಹುನಗುಂದ ತಾಲೂಕಿನ ಐಹೊಳೆಯ ಹೆಸರನ್ನು ಹೊತ್ತ ಐನೂರ್ವರೆಂಬ ವರ್ತಕಸಂಘದ ಉಲ್ಲೇಖವು ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿರುವುದು. ಆ ಸಮುದ್ರಗಳಲ್ಲಿಯೇ ಚೀನದ ಪಿಂಗಾಣಿಯನ್ನು ಹೊತ್ತ ಹಡಗುಗಳು ಅನೇಕವು ಮುಳುಗಿದವು. ಅವುಗಳಿಂದ ಮೇಲೆತ್ತಿದ ಪಾತ್ರೆಗಳನ್ನು ಮಾರಿಕೊಳ್ಳುವುದು ಧರ್ಮವೇ? ವಾಚಕರು ಇದನ್ನು ನನ್ನೊಡನೆ ವಿಚಾರಿಸಬೇಕಾಗಿ ಬಿನ್ನಹ.

ಮೊದಲು ಕಾಲನಿರ್ಣಯದ ಬಗೆಯನ್ನು ನೋಡೋಣ. ಪಾತ್ರೆಯ ತಳದಲ್ಲಿ ಅರಸನ ಆಳಿಕೆಯ ಹೆಸರನ್ನು ಬರೆಯುವ ವಾಡಿಕೆಯು ಚೀನದಲ್ಲಿತ್ತು. ಇದು ಶಬ್ದಪ್ರಮಾಣದಂತೆ. ಆದರೆ ಕಾಂಗ್‌ಶಿ ಆಳಿಕೆಯ (1662–1722) ಕುಂಬಾರರು ಸುಮಾರು ಎರಡು ಶತಮಾನಗಳ ಹಿಂದಿನ ಚೆಂಗ್‌ಹುವಾ ಆಳಿಕೆಯ ಮುದ್ರೆಯನ್ನೇ ತಮ್ಮ ಪಾತ್ರೆಗಳಿಗೆ ಹಾಕಿದುದುಂಟು. ಆದುದರಿಂದ ಮಣ್ಣು, ಮೆರುಗು, ನೀಲಿಯ ಛಾಯೆ, ಪಾದದಂಚಿನ ರೀತಿ ಇವುಗಳನ್ನೂ ಪರೀಕ್ಷಿಸಬೇಕು. ಎಲ್ಲಕ್ಕೂ ಬಲವಾದುದು ಸಾಹಚರ್ಯವು. ಹಡಗು ಮುಳುಗಿದ ಕಾಲವು ತಿಳಿದರೆ ಅದರೊಳಗಿನ ಯಾವ ಪಾತ್ರೆಯೂ ಅದರ ಬಳಿಕದ್ದಾಗಲಾರದು. 1998ರಲ್ಲಿ ಇಂಡೋನೇಶಿಯದ ಬೆಲಿತುಂಗ್ ದ್ವೀಪದ ಬಳಿ ಸಿಕ್ಕ ಹಡಗಿನ ಬಟ್ಟಲೊಂದರಲ್ಲಿ 826ನೆಯ ಇಸವಿಗೆ ಸರಿಯಾದ ಮಿತಿಯಿತ್ತು. ಅದರ ಆಧಾರದಿಂದ ಸುಮಾರು 60,000 ವಸ್ತುಗಳ ಕಾಲವು ಗೊತ್ತಾಯಿತು. ಅದು ನಮ್ಮ ನೃಪತುಂಗನು ಆಳುತ್ತಿದ್ದ ಕಾಲವು.

ಇನ್ನು ಪೂರ್ವಪಕ್ಷ. ಒಡೆಯನಿಲ್ಲದ ಧನವನ್ನು ಪ್ರಾಣದ ಹಂಗು ತೊರೆದು ಎತ್ತಿದವನಿಗೇ ಅದು ಸೇರತಕ್ಕದ್ದು. ಅವನಿಲ್ಲದಿದ್ದರೆ ಅದು ಕೆಸರಿನಲ್ಲಿಯೇ ಇರುತ್ತಿತ್ತು ಎನ್ನುವರು. 1752ರಲ್ಲಿ ಮುಳುಗಿದ ಡಚ್ಚರ ಗೆಲ್ಡರ್‌ಮಾಲ್ಸೆನ್ ಹಡಗಿನಿಂದ 1985ರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಪಾತ್ರೆಗಳನ್ನು ಎತ್ತಿ, ಮರುವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಹರಾಜು ಮಾಡಿದರು. ಅವು ಮನೆಮನೆಗೆ ಚೆದರಿದವು. ಬೆಲಿತುಂಗದ ನಿಧಿಯ ಬಹುಭಾಗವು ಒಟ್ಟಾಗಿ ಸಿಂಗಾಪುರದಲ್ಲಿ ಉಳಿಯಿತು. ಆದರೂ ಅದನ್ನು ಲಾಭಕ್ಕಾಗಿ ಎತ್ತಿದರೆಂದು ವಿದ್ವಾಂಸರು ಆಕ್ಷೇಪಿಸಲು, ವಾಷಿಂಗ್ಟನ್ನಿನಲ್ಲಿ ಆಗಬೇಕಿದ್ದ ಅದರ ಪ್ರದರ್ಶನವು 2011ರಲ್ಲಿ ನಿಂತುಹೋಯಿತು.

ಎತ್ತಿದವನಿಗೆ ಕೂಲಿಯು ನ್ಯಾಯವೇ. ಆದರೆ ಸಾಹಚರ್ಯವು ಅವನ ಸ್ವತ್ತಲ್ಲ. ಅದು ಮುಳುಗಿದವರ ಕಡೆಯ ಮಾತು, ಮುಂದೆ ಹುಟ್ಟುವವರ ಪಾಲು. ಐಹೊಳೆಯ ಮೇಗುತಿಯ ಗೋಡೆಯಿಂದ ರವಿಕೀರ್ತಿಯ ಶಾಸನವನ್ನು ಕಿತ್ತು ಒಯ್ದರೆ ಅಕ್ಷರವು ಉಳಿದೀತು; ಶಕ 556ರ ಗುಡಿಯು ಯಾವುದೆಂದು ಹೇಳುವ ಬಾಯಿ ಮುಚ್ಚೀತು.

ಈ ಮಾತನ್ನು ಹೇಳಲು ನನಗೆ ಅಧಿಕಾರವು ಅಲ್ಪವೇ. ಹಿಂದೆ ವಿದ್ಯಾರ್ಥಿಯೊಬ್ಬನು ಹೊಲದಲ್ಲಿ ಸಿಕ್ಕ ಹಳೆಯ ನಾಣ್ಯವನ್ನು ತಂದು ತೋರಿಸಿದನು. ನಾನು ಮುದ್ರೆಯನ್ನು ನೋಡಿ ಅವನ ಬೆನ್ನು ತಟ್ಟಿದೆನು. “ಇದರ ಕೂಡ ಏನಿತ್ತು?” ಎಂದು ಕೇಳುವಷ್ಟರಲ್ಲಿ ತಿಂಗಳು ಕಳೆದಿತ್ತು. “ಗಡಿಗೆಯ ಚೂರುಗಳಿದ್ದುವು ಗುರುಗಳೇ, ಹಳ್ಳಕ್ಕೆ ಚೆಲ್ಲಿದೆನು” ಎಂದನು. ತಪ್ಪು ಹುಡುಗನದಲ್ಲ, ಕೇಳಬೇಕಾದುದನ್ನು ಕಲಿಸದ ಗುರುವಿನದು.