ತಕ್ಕಡಿ ಹಿಡಿಯುವ ಮುನ್ನ

ಕಾರವಾರ, ಅಂಕೋಲೆಗಳಲ್ಲಿ ಬಿ.ಕಾಂ. ಮುಗಿಸಿ ಬೆಂಗಳೂರು, ಮುಂಬಯಿಗಳ ಹಣಕಾಸು ಸಂಸ್ಥೆಗಳನ್ನು ಸೇರುವ ತರುಣರಿಗೆ ಮೊದಲು ದೊರೆಯುವುದು ಬಹುಮಟ್ಟಿಗೆ ಬ್ಯಾಕ್ ಆಫೀಸಿನ ಕೆಲಸ. ಬೇರೆಯವರು ಮಾಡಿದ ವ್ಯವಹಾರದ ಲೆಕ್ಕವನ್ನು ತಾಳೆ ನೋಡಿ ಚುಕ್ತಾ ಮಾಡುವುದು ಅವರ ಪಾಲಿಗೆ ಬರುತ್ತದೆ. ಕೆಲವು ವರ್ಷಗಳಾದ ಮೇಲೆ ಅವರ ಮನಸ್ಸು ಫ್ರಂಟ್ ಆಫೀಸಿನ ಕಡೆಗೆ ಹೊರಳುತ್ತದೆ. ಗಿರಾಕಿಗೆ ಸಲಹೆ ಕೊಟ್ಟು, ಕೊಳ್ಳುವ ಮಾರುವ ನಿರ್ಧಾರ ಮಾಡುವ ಸ್ಥಾನವದು, ಸಂಬಳವೂ ಹೆಚ್ಚು. ಅಲ್ಲಿಗೆ ಏರಲು ಮ್ಯಾನೇಜ್‌ಮೆಂಟ್ ಶಾಲೆಗೆ ಅರ್ಜಿ ಹಾಕುತ್ತಾರೆ. ಈ ಬಯಕೆ ಪರಿಗ್ರಹವಲ್ಲವೇ ಎಂದು ಹಿರಿಯರು ಶಂಕಿಸುವುದುಂಟು.

ಬಯಕೆಯೊಂದರಿಂದಲೇ ದೋಷ ಬರುವುದಿಲ್ಲ. ಶ್ರಾವಕನಿಗೆ ಧರ್ಮವು ಸಂಪಾದನೆಯನ್ನು ನಿಷೇಧಿಸಿಲ್ಲ. ಅದಕ್ಕೆ ಪರಿಮಾಣವನ್ನು ವಿಧಿಸಿದೆ. ಆದರೆ ಸ್ಥಾನ ಬದಲಾದಾಗ ಹೊಣೆಯೂ ಬದಲಾಗುತ್ತದೆ. ಒಳಗೆ ಕುಳಿತವನು ಲೆಕ್ಕಕ್ಕೆ ಹೊಣೆಗಾರ. ಮುಂದೆ ಕುಳಿತವನು ತಕ್ಕಡಿಗೆ ಹೊಣೆಗಾರ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ವ್ರತದ ಅತಿಚಾರಗಳನ್ನು ಎಣಿಸುವಾಗ ತೂಕ ಅಳತೆಗಳ ಮೋಸವನ್ನೂ, ಒಳ್ಳೆಯ ಸರಕಿನೊಡನೆ ಕೀಳು ಸರಕನ್ನು ಬೆರೆಸಿ ಮಾರುವುದನ್ನೂ ಸೇರಿಸಿದ್ದಾರೆ. ನಮ್ಮ ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದರ ಸಿಪ್ಪೆ ತೆಳು, ರುಚಿ ಹೆಚ್ಚು. ಬಿಳಿ ಇಶಾಡ ಅದರಷ್ಟು ಸಿಹಿಯಲ್ಲ, ಸಿಪ್ಪೆಯೂ ದಪ್ಪ. ಕರಿ ಇಶಾಡದ ಬುಟ್ಟಿಯ ತಳಕ್ಕೆ ಬಿಳಿಯದನ್ನು ತುಂಬಿ ಮಾರಿದರೆ ಕಳವು ಎಂಬುದು ನಮಗೆ ಒಡನೆಯೇ ತಿಳಿಯುತ್ತದೆ. 2008ರ ಜಾಗತಿಕ ಆರ್ಥಿಕ ಕುಸಿತದ ಹಿಂದೆ ಇದ್ದುದೂ ಇಂಥದೇ ಬುಟ್ಟಿ. ಅಮೆರಿಕದಲ್ಲಿ ಮರಳಿ ಬರುವ ಭರವಸೆಯಿಲ್ಲದ ಗೃಹಸಾಲಗಳನ್ನು ಕಟ್ಟುಕಟ್ಟಾಗಿ ಸೇರಿಸಿ, ಉತ್ತಮ ದರ್ಜೆಯ ಮುದ್ರೆಯೊತ್ತಿ ಮಾರಿದರು. ಬುಟ್ಟಿ ದೊಡ್ಡದಾದ ಮಾತ್ರಕ್ಕೆ ಅತಿಚಾರದ ಹೆಸರು ಬದಲಾಗದು.

ಒಳಗಿನಿಂದ ಮುಂದಕ್ಕೆ ಬಂದವನೊಬ್ಬನ ಕಥೆಯನ್ನೂ ತರುಣರು ತಿಳಿದಿರಬೇಕು. ನಿಕ್ ಲೀಸನ್ ಲೆಕ್ಕ ಚುಕ್ತಾ ಮಾಡುವ ವಿಭಾಗದಲ್ಲಿ ಕೆಲಸ ಕಲಿತು, 1992ರಲ್ಲಿ ಬೇರಿಂಗ್ಸ್ ಬ್ಯಾಂಕಿನ ಪರವಾಗಿ ಸಿಂಗಾಪುರಕ್ಕೆ ಹೋದನು. ಅಲ್ಲಿ ವ್ಯಾಪಾರವೂ ಅವನದೇ, ಲೆಕ್ಕದ ಮೇಲ್ವಿಚಾರಣೆಯೂ ಅವನದೇ. ನಷ್ಟವನ್ನು 88888 ಎಂಬ ಖಾತೆಯಲ್ಲಿ ಬಚ್ಚಿಡುತ್ತ ಹೋದನು. 1762ರಲ್ಲಿ ಸ್ಥಾಪನೆಯಾಗಿದ್ದ ಬ್ಯಾಂಕು 1995ರಲ್ಲಿ 80 ಕೋಟಿ ಪೌಂಡಿಗೂ ಮಿಕ್ಕ ನಷ್ಟದಿಂದ ಮುಳುಗಿ, ಕೇವಲ 1 ಪೌಂಡಿಗೆ ಪರರ ಪಾಲಾಯಿತು. ಲೆಕ್ಕದ ವಿದ್ಯೆಯಲ್ಲಿ ಅವನಿಗೆ ಕೊರತೆಯಿರಲಿಲ್ಲ. ಆ ವಿದ್ಯೆಯೇ ಮರೆಮಾಚುವ ಸಾಧನವಾಯಿತು.

ಹಾಗಾದರೆ ಪರೀಕ್ಷೆ ಎಲ್ಲಿಂದ ಆರಂಭ? ಅರ್ಜಿಯಿಂದಲೇ. ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನಂತಹ ಸಂಸ್ಥೆಗಳು ಅರ್ಜಿಯೊಡನೆ ಪ್ರಬಂಧಗಳನ್ನೂ ಕೇಳುತ್ತವೆ. ಅಲ್ಲಿ ಅಭ್ಯರ್ಥಿ ತನ್ನನ್ನೇ ತೂಗಿ ತೋರಿಸಬೇಕು. ಹಣ ಕೊಟ್ಟು ಬರೆಸಿದ ಪ್ರಬಂಧ, ಹತ್ತು ಜನ ಮಾಡಿದ ಕೆಲಸವನ್ನು ತನ್ನದೆಂದು ಹೇಳಿಕೊಳ್ಳುವುದು ಇವು ಹೀನಾಧಿಕ ತೂಕವಲ್ಲದೆ ಮತ್ತೇನು? ತನ್ನನ್ನು ಮಾರಿಕೊಳ್ಳುವಾಗಲೇ ಕಲಬೆರಕೆ ಮಾಡಿದವನು ನಾಳೆ ವಿಧವೆಯೊಬ್ಬಳ ಠೇವಣಿಯ ಬಗ್ಗೆ ನಿಜ ನುಡಿಯುವನೆಂದು ನಂಬುವುದು ಹೇಗೆ?

ಎರಡನೆಯ ಮಾತು ಸಾಲದ್ದು. ಪ್ರಮುಖ ಸಂಸ್ಥೆಗಳ ಶುಲ್ಕ ಇಂದು 20 ಲಕ್ಷ ರೂಪಾಯಿಗಳನ್ನು ಮೀರಿದೆ. ತಿಂಗಳ ಕಂತಿಗೆ ಕಟ್ಟುಬಿದ್ದವನಿಗೆ ಕೆಲಸ ಬಿಡುವ ಧೈರ್ಯ ಸುಲಭವಾಗಿ ಬಾರದು. ಕೆಲಸ ಬಿಡಲಾರದವನು ಮೇಲಿನವರ ಅನ್ಯಾಯದ ಆಜ್ಞೆಗೆ ಒಲ್ಲೆನೆನ್ನುವುದೂ ಕಷ್ಟ. ಆದುದರಿಂದ ಪರಿಮಾಣವು ಗಳಿಕೆಗೆ ಮಾತ್ರವಲ್ಲ, ಸಾಲಕ್ಕೂ ಬೇಕು. ಎಷ್ಟು ಸಾಲ ಮಾಡಿದರೆ ಒಲ್ಲೆನೆನ್ನುವ ಶಕ್ತಿ ಉಳಿಯುವುದೆಂಬುದನ್ನು ಅರ್ಜಿ ಹಾಕುವ ಮೊದಲೇ ಮನೆಯವರೆಲ್ಲ ಕುಳಿತು ಲೆಕ್ಕ ಹಾಕಲಿ.

ಬಸದಿಗಳ ಟ್ರಸ್ಟುಗಳಿಗೂ ಇಲ್ಲೊಂದು ಕರ್ತವ್ಯವಿದೆ. ಪ್ರತಿಭಾವಂತನಿಗೆ ಶಾಲು ಹೊದಿಸುವುದು ಸಂತೋಷವೇ. ಆದರೆ ಬಡ್ಡಿಯಿಲ್ಲದ ವಿದ್ಯಾಸಾಲವನ್ನು ಕೊಟ್ಟು ಅವನ ಭಾರವನ್ನು ಒಂದಿಷ್ಟು ಇಳಿಸಿದರೆ, ಅವನ ಕೈಯ ತಕ್ಕಡಿ ಅಲುಗದಂತೆ ನೋಡಿಕೊಂಡ ಪುಣ್ಯವೂ ಸಮಾಜಕ್ಕೆ ಸಲ್ಲುತ್ತದೆ.