ಆರಡಿ ಅಂತರದ ಲೆಕ್ಕ

2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೊರೊನಾ ಪ್ರಕರಣ ಪತ್ತೆಯಾಯಿತು. ಅಂದಿನಿಂದ ಮುಲುಂಡಿನ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: ಆ ಜನಕ್ಕೆ ತಿಳಿವಳಿಕೆಯೇ ಇಲ್ಲ.

ಯಾವ ತಿಳಿವಳಿಕೆ? ಕೈ ತೊಳೆಯಬೇಕು, ಮಾಸ್ಕ್ ಹಾಕಬೇಕು, ಆರಡಿ ದೂರ ನಿಲ್ಲಬೇಕು ಎನ್ನುವುದು ಅಲ್ಲಿಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಯಾರಿಗೆ ಫೋನ್ ಮಾಡಿದರೂ ರಿಂಗ್ ಬದಲು ಕೆಮ್ಮು ಕೇಳಿಸುತ್ತಿದ್ದ ಕಾಲ ಅದು! ಆದರೆ ಹತ್ತಡಿಯ ಖೋಲಿಯಲ್ಲಿ ಆರೇಳು ಜನ ಮಲಗುವವರು ಆರಡಿಯನ್ನು ಎಲ್ಲಿಂದ ತರಬೇಕು? ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಲ್ಲದೆ ಅವರಿಗೆ ಬೆಳಗಾಗುವುದು ಹೇಗೆ?

ಜುಲೈಯಲ್ಲಿ ಮಹಾನಗರಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ನಗರದ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದವು. ಝೋಪಡಪಟ್ಟಿಗಳಲ್ಲಿ ನೂರಕ್ಕೆ 57 ಮಂದಿಗೆ ಸೋಂಕು ತಗುಲಿ ಹೋದ ಗುರುತಿತ್ತು. ಉಳಿದೆಡೆ ನೂರಕ್ಕೆ 16. ನಡುವಿನ ಅಂತರ ತಿಳಿವಳಿಕೆಯದೆಂದು ನಾನು ನಂಬಲಾರೆ. ಅದು ಗೋಡೆಗಳದು, ನಲ್ಲಿಗಳದು. ನಮ್ಮ ಗೇಟಿನವರೆಗೆ ಹಾಲು, ತರಕಾರಿ, ಗ್ಯಾಸ್ ಸಿಲಿಂಡರ್ ಬರುತ್ತಿದ್ದವು. ನಾವು ಮನೆಯೊಳಗೆ ಇರಬೇಕಾದರೆ ತರುವವರು ಹೊರಗೆ ತಿರುಗಲೇಬೇಕಿತ್ತು. ಹಾಗಾದರೆ ನಮ್ಮ ಶಿಸ್ತಿನ ಪುಣ್ಯದಲ್ಲಿ ಅವರ ಪಾಲೆಷ್ಟು?

ಈ ಊರಿಗೆ ಇದು ಹೊಸ ಜಗಳವೇನಲ್ಲ. 1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವಿಯೆಗಸ್ ಮಾಂಡವಿಯಲ್ಲಿ ಪ್ಲೇಗನ್ನು ಗುರುತಿಸಿದರು. ಸರಕಾರ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸತೊಡಗಿತು. ಅಕ್ಟೋಬರಿನಲ್ಲಿ ಮಿಲ್ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. (ಅದೇ ಇಂದಿನ ಕಸ್ತೂರ್ಬಾ, ಮುಂಬಯಿಯ ಮೊದಲ ಕೊರೊನಾ ರೋಗಿಗಳು ಹೋದದ್ದೂ ಅಲ್ಲಿಗೇ.) ಅದನ್ನು ಮೌಢ್ಯ ಎಂದುಬಿಡುವುದು ಸುಲಭ. ಒಳಗೆ ಹೋದವರು ತಿರುಗಿ ಬಾರದ್ದನ್ನು ಕಂಡವರ ಭಯಕ್ಕೆ ಅದೇ ಹೆಸರು ಸಾಕೇ? ಮರುವರ್ಷ ಜನವರಿಯಲ್ಲಿ ಹಾಫ್ಕಿನ್ ತಮ್ಮ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಉಪದೇಶಕ್ಕಿಂತ ಮೊದಲು ಅಪಾಯದಲ್ಲಿ ಪಾಲು ತೆಗೆದುಕೊಂಡವರು ಅವರು. ಅಂಥವರ ಮಾತಿಗೆ ನಾನಾದರೂ ತೋಳು ಚಾಚುತ್ತಿದ್ದೆ.

2020ರ ಮೇ ತಿಂಗಳಲ್ಲಿ ಬೆರಳು ನಮ್ಮ ಕಡೆಗೇ ತಿರುಗಿತು. ಹೋಟೆಲುಗಳು ಮುಚ್ಚಿ ಕೆಲಸ ಕಳೆದುಕೊಂಡ ನಮ್ಮವರು ಉಡುಪಿ, ಕುಂದಾಪುರದ ಕಡೆ ಹೊರಟರು. ಅಲ್ಲಿ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್. ದಿನದಿನದ ಸೋಂಕಿತರ ಪಟ್ಟಿಯಲ್ಲಿ ಮಹಾರಾಷ್ಟ್ರದಿಂದ ಬಂದವರೇ ಹೆಚ್ಚು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೇಳುವಾಗ ಗೌರವದಿಂದ ಬರುತ್ತಿದ್ದ 'ಮುಂಬಯಿಯವರು' ಎಂಬ ಶಬ್ದ ಒಂದೇ ವಾರದಲ್ಲಿ ರೋಗದ ಹೆಸರಾಯಿತು.

ನನ್ನ ದೊಡ್ಡಮ್ಮ ಕೂಡ ಫೋನಿನಲ್ಲಿ, "ಈಗ ಬರ್ಬೇಡ ಮಗಾ, ದೊಡ್ಡಪ್ಪನಿಗೆ ದಮ್ಮು ಉಂಟಲ್ಲ" ಎಂದರು. ಆ ಭಯವನ್ನು ನಾನು ತಪ್ಪೆನ್ನಲಾರೆ. ಅವರು ಕಾರಣ ಹೇಳಿದರು, ನನ್ನನ್ನು ತಿಳಿಯದವನೆಂದು ಹೀಗಳೆಯಲಿಲ್ಲ. ಆರ್ಥರ್ ರೋಡಿನ ಆ ಕಾರ್ಮಿಕರ ಬಳಿ ಕೂತು ಯಾರಾದರೂ ಹೀಗೆ, ಅವರದೇ ಮಾತಿನಲ್ಲಿ, ಕಾರಣ ಹೇಳಿದ್ದರೇ ಎಂದು ಆಮೇಲೆ ಎಷ್ಟೋ ಹೊತ್ತು ಯೋಚಿಸಿದೆ.