ಮಣಿಕರ್ಣಿಕೆಯ ಮುಂದೆ ದೋಣಿ

ಕಾಶಿಯಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರೆಲ್ಲ ಇರುವುದು ಪಶ್ಚಿಮ ದಂಡೆಯಲ್ಲಿ. ಮಳೆಗಾಲ ಕಳೆದ ಮೇಲೆ ಎದುರು ದಂಡೆ ಬರಿಯ ಮರಳು. ಹೀಗಾಗಿ ಬೆಳಗಿನ ಮೊದಲ ಬಿಸಿಲು ಯಾವ ತಡೆಯೂ ಇಲ್ಲದೆ ಬಂದು ಮೆಟ್ಟಿಲುಗಳ ಮೇಲೆ ಬೀಳುತ್ತದೆ. ದಕ್ಷಿಣದ ಅಸ್ಸಿಯಿಂದ ಉತ್ತರದ ವರುಣಾ ಸಂಗಮದವರೆಗೆ ಅರ್ಧಚಂದ್ರನಂತೆ ಬಾಗಿದ ಆರೇಳು ಕಿಲೋಮೀಟರ್ ದಂಡೆಯಲ್ಲಿ 80ಕ್ಕೂ ಹೆಚ್ಚು ಘಾಟ್‌ಗಳಿವೆ. ಈ ಸಾಲನ್ನು ಇಡಿಯಾಗಿ ಕಾಣಬೇಕಾದವರು ನೀರಿಗೇ ಇಳಿಯಬೇಕು. ಒಂದೆರಡು ಗಂಟೆಯ ದೋಣಿ ವಿಹಾರ ಕಾಶಿಗೆ ಹೋದವರೆಲ್ಲರ ಪಟ್ಟಿಯಲ್ಲಿ ಸೇರಿಕೊಂಡಿರುವುದು ಇದಕ್ಕೇ.

ಈ ಹಾದಿಯಲ್ಲಿ ಎರಡು ಸ್ಮಶಾನಗಳು ಬರುತ್ತವೆ: ಮೊದಲು ಹರಿಶ್ಚಂದ್ರ ಘಾಟ್, ಆಮೇಲೆ ಮಣಿಕರ್ಣಿಕಾ. ಮಣಿಕರ್ಣಿಕೆಯ ಎದುರಿಗೆ ಬಂದಾಗ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾನೆ. ಮೋಟಾರ್ ದೋಣಿಯಾದರೆ ವೇಗ ತಗ್ಗುತ್ತದೆ. ದೋಣಿಯಲ್ಲಿದ್ದವರು ಯಾರದೋ ತಂದೆ, ಯಾರದೋ ತಾಯಿ ಸುಟ್ಟು ಬೂದಿಯಾಗುವುದನ್ನು ನೋಡುತ್ತಾರೆ. ಈ ನೋಟಕ್ಕೆ ಧಾರ್ಮಿಕವಾದ ಬೆಲೆ ಏನಾದರೂ ಇದೆಯೇ, ಅಥವಾ ಇದು ಬರಿಯ ಕುತೂಹಲವೇ?

ಸುಲಭದ ಉತ್ತರ ಖಂಡನೆ. ಆದರೆ ಶಾಸ್ತ್ರ ಅಷ್ಟು ಸುಲಭವಾಗಿ ಖಂಡಿಸುವುದಿಲ್ಲ. ಗಂಗೆಯನ್ನು ಮುಟ್ಟಿದರೆ, ಕುಡಿದರೆ, ಮಿಂದರೆ ಮಾತ್ರವಲ್ಲ, ಕಂಡರೂ ಪಾಪ ಕಳೆಯುತ್ತದೆ ಎನ್ನುತ್ತವೆ ಪುರಾಣಗಳು. ನೂರಾರು ಯೋಜನ ದೂರದಿಂದ ಹೆಸರು ಹಿಡಿದು ಕರೆದರೂ ಸಾಕೆನ್ನುವ ಮಾತೂ ಇದೆ. ಇನ್ನೊಂದು ಕಡೆ ಮತ್ಸ್ಯಪುರಾಣ, ಪ್ರಯಾಗಕ್ಕೆ ಐಶ್ವರ್ಯದ ಬಿಂಕದಿಂದಲೋ ಲೋಭಮೋಹಗಳಿಂದಲೋ ವಾಹನವೇರಿ ಹೋದವನಿಗೆ ತೀರ್ಥ ನಿಷ್ಫಲ ಎಂದು ಎಚ್ಚರಿಸುತ್ತದೆ. ಮಹಾಭಾರತದ ವನಪರ್ವ ಫಲವನ್ನು ಹಿಡಿತದಲ್ಲಿರುವ ಕೈ, ಕಾಲು, ಮನಸ್ಸುಗಳಿಗೆ ಕಟ್ಟುತ್ತದೆ. ಕಾಶಿಯ ಮಹಿಮೆಯನ್ನೇ ಹಾಡುವ ಕಾಶೀಖಂಡ ಕೂಡ ಸತ್ಯ, ಕ್ಷಮೆ, ಇಂದ್ರಿಯನಿಗ್ರಹಗಳನ್ನು ಮಾನಸ ತೀರ್ಥಗಳೆಂದು ಕರೆದು, ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಸಾಯುವ ಜಲಚರಗಳು ಸ್ವರ್ಗಕ್ಕೇನೂ ಹೋಗುವುದಿಲ್ಲವಲ್ಲ ಎಂದು ನೆನಪಿಸುತ್ತದೆ. ಒಟ್ಟಿನಲ್ಲಿ ಈ ಗ್ರಂಥಗಳ ತಕರಾರು ನೋಡುವುದರ ಮೇಲಲ್ಲ, ನೋಡುವವನ ಸ್ಥಿತಿಯ ಮೇಲೆ.

ಮಣಿಕರ್ಣಿಕೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬೇರೆ ಊರುಗಳಲ್ಲಿ ಸ್ಮಶಾನ ಊರಾಚೆ, ಕಣ್ಣಿಗೆ ಬೀಳದ ಕಡೆ ಇರುತ್ತದೆ. ಇಲ್ಲಿ ಅದು ಸ್ನಾನಘಟ್ಟಗಳ ನಟ್ಟನಡುವೆ ಇದೆ. ಇಲ್ಲಿ ಪ್ರಾಣ ಬಿಡುವವನ ಕಿವಿಯಲ್ಲಿ ಶಿವನೇ ತಾರಕ ಮಂತ್ರ ಉಪದೇಶಿಸುತ್ತಾನೆ ಎಂಬ ನಂಬಿಕೆಯಿಂದಾಗಿ ಮರಣ ಅಮಂಗಳವಾಗಿ ಉಳಿಯದೆ, ಇಡೀ ಊರೇ ಮಹಾಶ್ಮಶಾನ ಎಂಬ ಹೆಸರು ಪಡೆದಿದೆ. (ಈ ನಂಬಿಕೆಯನ್ನು ಕೆಣಕಲೆಂದೇ ಕಬೀರ ಕೊನೆಗಾಲದಲ್ಲಿ ಕಾಶಿ ಬಿಟ್ಟು ಮಗಹರ್‌ಗೆ ಹೋದನೆಂದು ಸಂಪ್ರದಾಯ ಹೇಳುತ್ತದೆ.) ಕಾಶಿಯೇ ತನ್ನ ಚಿತೆಗಳನ್ನು ಮುಚ್ಚಿಡಲಿಲ್ಲ, ಹಾಗಿರುವಾಗ ನೋಡಿದವನದೇನು ತಪ್ಪು ಎಂಬ ವಾದಕ್ಕೆ ಇಲ್ಲಿ ಸ್ವಲ್ಪ ಬಲವಿದೆ.

ಆದರೆ ದಂಡೆಯ ಮೇಲೆ ನಡೆಯುವುದೇನೆಂಬುದನ್ನು ಗಮನಿಸಬೇಕು. ಮೆಟ್ಟಿಲುಗಳ ಮೇಲೆ ಆಳೆತ್ತರಕ್ಕೆ ಒಟ್ಟಿದ ಕಟ್ಟಿಗೆ, ಹೊಗೆ ಹಿಡಿದು ಕಪ್ಪಾದ ಗುಡಿಯ ಗೋಡೆ, ತೂಕದ ತಕ್ಕಡಿ. ಬಿದಿರ ಚಟ್ಟದ ಮೇಲೆ ತಂದ ಶವವನ್ನು ಗಂಗೆಯಲ್ಲೊಮ್ಮೆ ಅದ್ದಿ, ನೀರಿಳಿಯಲೆಂದು ಮೆಟ್ಟಿಲ ಮೇಲೆ ಇಡುತ್ತಾರೆ. ತಲೆ ಬೋಳಿಸಿಕೊಂಡು ಬಿಳಿ ಬಟ್ಟೆ ಉಟ್ಟ ಕರ್ತೃ, ಶವ ಸುಡುವ ಕೆಲಸದ ಡೋಮ ಸಮುದಾಯದವರು ಆರದಂತೆ ಕಾಯ್ದುಕೊಂಡು ಬಂದ ಬೆಂಕಿಯನ್ನು ಪಡೆದು ಚಿತೆಗೆ ಇಡುತ್ತಾನೆ. ಎಲ್ಲ ಮುಗಿದ ಮೇಲೆ ಚಿತೆಗೆ ಬೆನ್ನು ಹಾಕಿ ನಿಂತು, ಮಡಕೆಯ ನೀರನ್ನು ಎಡಭುಜದ ಮೇಲಿನಿಂದ ಹಿಂದಕ್ಕೆ ಎಸೆದು ನಡೆದುಬಿಡುತ್ತಾನೆ. ತಿರುಗಿ ನೋಡುವಂತಿಲ್ಲ. ಸತ್ತವನಿಗೆ ಎಲ್ಲರಿಗಿಂತ ಹತ್ತಿರದವನಾದವನಿಗೆ ನೋಟ ನಿಷಿದ್ಧ. ಹೆಸರೂ ತಿಳಿಯದ ದೋಣಿಯವರಿಗೆ ಮುಕ್ತ. ಚಿತೆಗಳ ಫೋಟೋ ತೆಗೆಯಬಾರದೆಂದು ಅಂಬಿಗರು ಮೊದಲೇ ಹೇಳುತ್ತಾರೆ, ಆದರೂ ಮೊಬೈಲ್‌ಗಳು ಮೇಲೇಳುತ್ತವೆ.

ನೋಡುವವನ ಬಗ್ಗೆ ಆಳವಾಗಿ ಯೋಚಿಸಿದ ಭಾರತೀಯ ದರ್ಶನ ಸಾಂಖ್ಯ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಪ್ರಕೃತಿ ರಂಗದ ಮೇಲಿನ ನರ್ತಕಿ. ತನ್ನನ್ನು ತೋರಿಸಿಕೊಂಡಾದ ಮೇಲೆ ಅವಳು ಹಿಂದೆ ಸರಿಯುತ್ತಾಳೆ (59ನೆಯ ಕಾರಿಕೆ). ಪುರುಷ, ಎಂದರೆ ಚೈತನ್ಯ, ತನ್ನಲ್ಲೇ ನೆಲೆನಿಂತು ಪ್ರೇಕ್ಷಕನಂತೆ ನೋಡುತ್ತಾನೆ (65ನೆಯದು). ಮೇಲ್ನೋಟಕ್ಕೆ ಇದು ದೋಣಿಯಲ್ಲಿ ಕುಳಿತವನಿಗೆ ಸಿಕ್ಕ ದೊಡ್ಡ ಸಮರ್ಥನೆ: ನದಿಯ ಅಂತರದಲ್ಲಿ ಕುಳಿತು ಹುಟ್ಟುಸಾವುಗಳ ಆಟವನ್ನು ಅಂಟಿಕೊಳ್ಳದೆ ನೋಡುವವನು ಅವನೇ ಅಲ್ಲವೇ? ಪ್ರವಾಸಿ ಕೈಪಿಡಿಗಳು ಗೊತ್ತೋ ಗೊತ್ತಿಲ್ಲದೆಯೋ ಮಾರುವುದು ಇದನ್ನೇ.

ಆದರೆ ಈ ಹೋಲಿಕೆ ನಿಲ್ಲುವುದಿಲ್ಲ. ಸಾಂಖ್ಯದ ಪ್ರೇಕ್ಷಕ ನೋಡುವುದು ತನ್ನದೆಂದುಕೊಂಡದ್ದನ್ನು: ತನ್ನ ದೇಹ, ತನ್ನ ಬುದ್ಧಿ, ತನ್ನ ಅಹಂಕಾರ, ತನ್ನ ದುಃಖ. ಅಲ್ಲಿ ಅಂತರ ಏರ್ಪಡುವುದು ತನಗೂ ತನ್ನದಕ್ಕೂ ನಡುವೆ, ಅದೂ ದೀರ್ಘ ಅಭ್ಯಾಸದ ಮೇಲೆ. ದೋಣಿಯ ಅಂತರ ಬಾಡಿಗೆ ಕೊಟ್ಟ ಕೂಡಲೇ ಸಿಗುತ್ತದೆ, ಮತ್ತು ಅದು ಇರುವುದು ತನಗೂ ಇನ್ನೊಬ್ಬರ ದುಃಖಕ್ಕೂ ನಡುವೆ. ಒಂದು ಅಹಂಕಾರವನ್ನು ಸಡಿಲಿಸುತ್ತದೆ. ಇನ್ನೊಂದು ಅದನ್ನು ಕುರ್ಚಿಯ ಮೇಲೆ ಭದ್ರವಾಗಿ ಕೂರಿಸುತ್ತದೆ.

ಕಾಶಿಯಿಂದ ಸುಮಾರು 10 ಕಿಲೋಮೀಟರ್ ದೂರದ ಸಾರನಾಥದಲ್ಲಿ ಮೊದಲ ಉಪದೇಶ ಮಾಡಿದ ಬುದ್ಧನ ಪರಂಪರೆ ಈ ವ್ಯತ್ಯಾಸವನ್ನು ಇನ್ನೂ ನೇರವಾಗಿ ಹೇಳಿದೆ. ‘ಸತಿಪಟ್ಠಾನ ಸುತ್ತ’ ಎಂಬ ಉಪದೇಶ ಭಿಕ್ಷುವಿಗೆ ಶವವನ್ನು ನೋಡಲು ಹೇಳುತ್ತದೆ, ಊದಿಕೊಂಡ ದೇಹದಿಂದ ಪುಡಿಯಾದ ಮೂಳೆಯವರೆಗೆ ಒಂಬತ್ತು ಹಂತಗಳಲ್ಲಿ. ಪ್ರತಿ ಹಂತದಲ್ಲೂ ಭಿಕ್ಷು ಅದನ್ನು ತನ್ನ ಮೈಗೆ ತಂದುಕೊಳ್ಳಬೇಕು: ಈ ಶರೀರದ ಗತಿಯೂ ಇದೇ, ಇದಕ್ಕೂ ಬಿಡುಗಡೆಯಿಲ್ಲ. ಆ ತಿರುವು ಇಲ್ಲದಿದ್ದರೆ ನೋಟ ಸಾಧನೆಯಾಗುವುದಿಲ್ಲ. ಪುರಾಣ ವೈರಾಗ್ಯ, ಪ್ರಸವ ವೈರಾಗ್ಯಗಳ ಜೊತೆಗೆ ಸ್ಮಶಾನ ವೈರಾಗ್ಯವನ್ನೂ ಸೇರಿಸಿ ನಗುವ ಕನ್ನಡದ ಮಂದಿಗೆ ಇದು ಹೊಸ ವಿಷಯವಲ್ಲ. ಹೆಣ ಹೊತ್ತವರಿಗೇ ವೈರಾಗ್ಯ ಮನೆ ಮುಟ್ಟುವವರೆಗೆ ನಿಲ್ಲದು. ದೋಣಿಯವರದು ಮುಂದಿನ ಘಾಟ್‌ವರೆಗಾದರೂ ನಿಂತರೆ ದೊಡ್ಡದು.

ಕನ್ನಡಕ್ಕೆ ಕಾಶಿಯ ಸ್ಮಶಾನ ಪರಿಚಯವಾದದ್ದು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಿಂದ. ಅಲ್ಲಿ ಬರಿದೇ ನೋಡುವವರಿಲ್ಲ. ಸುಡುಗಾಡಿನ ಒಡೆಯ ವೀರಬಾಹುಕನಿಗೆ ಆಳಾಗಿ ಸುಡುಗಾಡು ಕಾಯುವ ಹರಿಶ್ಚಂದ್ರ ಸತ್ತ ಮಗ ಲೋಹಿತಾಶ್ವನನ್ನು ಹೊತ್ತು ತಂದ ಹೆಂಡತಿ ಚಂದ್ರಮತಿಯಿಂದಲೂ ಸ್ಮಶಾನದ ತೆರಿಗೆ ಕೇಳಬೇಕಾಗುತ್ತದೆ. ಇಂದಿನ ಹರಿಶ್ಚಂದ್ರ ಘಾಟ್ ಆ ಕಥೆಯ ಹೆಸರು ಹೊತ್ತಿದೆ, ಅದರ ಪಕ್ಕಕ್ಕೇ ಕರ್ನಾಟಕ ಘಾಟ್ ಇದೆ. ಕರ್ನಾಟಕದಿಂದ ಹೋದವರು ತಮ್ಮ ರಾಜ್ಯದ ಹೆಸರನ್ನು ಗೋಡೆಯ ಮೇಲೆ ಓದಿ ಸಂಭ್ರಮಿಸುವಷ್ಟರಲ್ಲಿ ಚಿತೆಯ ಹೊಗೆ ಎದುರಾಗುತ್ತದೆ.

ಅಂಬಿಗನನ್ನು ಬಿಟ್ಟು ಈ ನೋಟದ ಪ್ರಶ್ನೆಯನ್ನು ಎತ್ತುವುದು ಸರಿಯಲ್ಲ. ದೋಣಿ ನಡೆಸುವ ಮಲ್ಲಾಹ, ನಿಷಾದ ಸಮುದಾಯದವರು ತುಳಸೀದಾಸರ ರಾಮಚರಿತಮಾನಸದ ಕೇವಟನನ್ನು ತಮ್ಮ ಪೂರ್ವಜನೆಂದು ನೆನೆಯುತ್ತಾರೆ. ಅವನು ರಾಮನ ಕಾಲು ತೊಳೆದ ಮೇಲೆಯೇ ದೋಣಿ ಹತ್ತಿಸಿ, ದಡ ಮುಟ್ಟಿಸಿ, ಕೂಲಿ ಬೇಡವೆಂದವನು. ಇಂದಿನವರಿಗೆ ಕೂಲಿ ಬೇಕು. ದೊಡ್ಡ ಕ್ರೂಸ್ ಹಡಗುಗಳು ಬಂದ ಮೇಲೆ ಅದಕ್ಕಾಗಿ ಪೈಪೋಟಿಯೂ ಹೆಚ್ಚಿದೆ. ಅವರ ಪಾಲಿಗೆ ನೋಡಲು ಬಂದವರು ಪಾಪಿಗಳೂ ಅಲ್ಲ, ಸಾಧಕರೂ ಅಲ್ಲ. ಒಂದು ದಿನದ ದುಡಿಮೆ.

ದೋಣಿ ಯಾತ್ರೆಗೆ ಹೊರಗಿನದೂ ಅಲ್ಲ. ಕಾಶಿಯ ಪಂಚತೀರ್ಥಿ ಯಾತ್ರೆಯನ್ನು ನಡೆದೂ ಮಾಡುತ್ತಾರೆ, ದೋಣಿಯಲ್ಲೂ ಮಾಡುತ್ತಾರೆ. ಅಸ್ಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಮಣಿಕರ್ಣಿಕಾ ಎಂಬುದು ಅದರ ಕ್ರಮ. ಐದು ಕಡೆಯೂ ಇಳಿದು ಮೀಯಬೇಕು. ಉತ್ತರದ ತುದಿಯ ಆದಿಕೇಶವಕ್ಕೆ ಹೋಗುವ ದೋಣಿ ಮಣಿಕರ್ಣಿಕೆಯನ್ನು ಒಮ್ಮೆ ನಿಲ್ಲದೆ ದಾಟುತ್ತದೆ, ಪಂಚಗಂಗೆಯ ಸ್ನಾನ ಮುಗಿಸಿ ದಕ್ಷಿಣಕ್ಕೆ ತಿರುಗಿ ಬಂದಾಗ ಅಲ್ಲಿ ನಿಲ್ಲುತ್ತದೆ. ದೂರದಿಂದ ಕಂಡ ಚಿತೆಗಳ ಪಕ್ಕದಲ್ಲೇ ಯಾತ್ರಿ ಎರಡನೆಯ ಸಲ ಬಂದಾಗ ಮೆಟ್ಟಿಲಿಗೆ ಕಾಲಿಟ್ಟು ಮುಳುಗು ಹಾಕುತ್ತಾನೆ. ವಿಹಾರದ ದೋಣಿಗಳು ಸಾಮಾನ್ಯವಾಗಿ ಅಲ್ಲಿ ಯಾರನ್ನೂ ಇಳಿಸುವುದಿಲ್ಲ. ಇಳಿಯಬೇಕೆಂದವರು ಹತ್ತುವಾಗಲೇ ಅಂಬಿಗನೊಡನೆ ಮಾತಾಡಿಕೊಳ್ಳಬೇಕು.